‘ನೋಡೇ ಬಿಡೋಣ’ ಎಂಬ ಚಟ

“ನೂರೈವತ್ತು ರೂಪಾಯಿ ತಾನೆ ಅಕ್ಕಾ, ನೋಡೇ ಬಿಡೋಣ” ಎಂದ ನನ್ನ ತಮ್ಮ. 2019ರ ಮಾತು. ಫೋನಿನಲ್ಲಿ ಪೋಕರ್ ಆಡುತ್ತಿದ್ದ. ಕೊನೆಯ ಎಲೆಯೂ ಬಿದ್ದಾಗಿತ್ತು. ನಡುವೆ ಇದ್ದದ್ದು 100 ರೂಪಾಯಿ. ಎದುರಾಳಿ ‘ಚೆಕ್’ ಎಂದು ಸುಮ್ಮನಾದ. ಇವನು ಎಕ್ಕದ ಜೋಡಿಯನ್ನು ನಂಬಿ 50 ಕಟ್ಟಿದ. ಅಷ್ಟು ಹೊತ್ತೂ ತೆಪ್ಪಗಿದ್ದ ಆಸಾಮಿ ಥಟ್ಟನೆ 200ಕ್ಕೆ ಏರಿಸಿದ. ಇದಕ್ಕೆ ಚೆಕ್-ರೈಸ್ ಎನ್ನುತ್ತಾರೆ. “ಸುಮ್ನೆ ಹೆದರಿಸ್ತಿದಾನೆ” ಎಂದು ತಮ್ಮ ಉಳಿದ 150 ಹಾಕಿದ. ಆ ಕಡೆ ಇದ್ದದ್ದು ಮೂರು ಏಳು!

ಹಣ ಚಿಕ್ಕದೆಂಬ ಸಮಾಧಾನವೇ ದೊಡ್ಡ ಮೋಸ. ಲೆಕ್ಕ ನೋಡಿ: 150 ಹಾಕಿದರೆ ಒಟ್ಟು 500. ನೂರಕ್ಕೆ 30 ಸಲವಾದರೂ ಗೆಲ್ಲದಿದ್ದರೆ ನಷ್ಟವೇ. ಸಣ್ಣ ಪಣದ ಆಟದಲ್ಲಿ ತೆಪ್ಪಗಿದ್ದವನು ಕೊನೆಯಲ್ಲಿ ಹೀಗೆ ಎಗರಿದರೆ, ಬಹುಪಾಲು ಅವನ ಕೈ ಗಟ್ಟಿಯಾಗಿಯೇ ಇರುತ್ತದೆ. ಒಂದೇ ಜೋಡಿ ಇದ್ದವನು ಎಲೆ ಕೆಳಗಿಡಬೇಕು. ‘ಇದು ಜಾಣ್ಮೆಯ ಆಟ’ ಎಂದು ಸಾರಿದವರು ಈ ಬಿಡುವ ಜಾಣ್ಮೆಯನ್ನೇಕೆ ಸಾರಲಿಲ್ಲ? ಯಾರು ಗೆದ್ದರೂ ಆಡಿಸುವವನಿಗೆ ಪಾಲು ಸಿಗುತ್ತದಲ್ಲ!

ಇಂಥ ನೂರೈವತ್ತುಗಳೇ ಸೇರಿ ಮಗಳ ಶಾಲೆಯ ಫೀಸನ್ನು ನುಂಗಿದವು. ತಮ್ಮನ ಹೆಂಡತಿ ಬಳೆ ಅಡವಿಟ್ಟಳು.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಒಳ್ಳೆಯದೇ. ಆದರೆ ‘ನೋಡೇ ಬಿಡೋಣ’ ಎಂಬ ಚಟಕ್ಕೆ ಯಾವ ಕಾಯ್ದೆಯಿದೆ?

ಸಂತೆಯಲ್ಲಿ ಬೆಲೆ ಒಗ್ಗದಿದ್ದರೆ ನಾವು ಚೀಲ ಹಿಡಿದು ಮುಂದೆ ನಡೆಯುತ್ತೇವೆ. ಅದನ್ನು ಸೋಲೆಂದು ಯಾರೂ ಹೇಳುವುದಿಲ್ಲ. ಮನೆಯ ಗಂಡಸರಿಗೂ ಅದನ್ನೇ ಕಲಿಸೋಣ.