ಜಗುಲಿಯ ಮೇಲಿನ ಪುಸ್ತಕ ಅಂಗೈಗೆ ಬರಲಿ



ಮದುವೆ, ಗುರುಪ್ರವೇಶ, ಬಸವ ಜಯಂತಿ, ನಿವೃತ್ತಿಯ ಬೀಳ್ಕೊಡುಗೆ, ಯಾವ ಸಮಾರಂಭಕ್ಕೆ ಹೋದರೂ ಈಗ ಹಾರ ತುರಾಯಿಯ ಬದಲು ವಚನ ಗ್ರಂಥವನ್ನು ಕೈಗಿಡುವ ರೂಢಿ ಬೆಳೆದಿದೆ. ಒಳ್ಳೆಯ ರೂಢಿಯೇ. ಆದರೆ ಹಾಗೆ ಕೊಟ್ಟ ಪುಸ್ತಕ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದ್ದೀರಾ? ಬಹಳಷ್ಟು ಮನೆಗಳಲ್ಲಿ ಅದು ಪ್ಲಾಸ್ಟಿಕ್ ಹೊದಿಕೆಯ ಸಮೇತ ಪೂಜಾ ಕೋಣೆಯ ಜಗುಲಿ ಸೇರುತ್ತದೆ. ಅದಕ್ಕೆ ವಿಭೂತಿ ಹಚ್ಚುತ್ತೇವೆ, ಹೂ ಏರಿಸುತ್ತೇವೆ, ಹಬ್ಬಕ್ಕೊಮ್ಮೆ ಧೂಳು ಒರೆಸುತ್ತೇವೆ. ಓದುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡುತ್ತೇವೆ. ಸ್ಥಾವರ ಪೂಜೆಯನ್ನು ಒಪ್ಪದ ಶರಣರ ಮಾತುಗಳನ್ನೇ ನಾವು ಸ್ಥಾವರ ಮಾಡಿ ಕೂರಿಸಿಬಿಟ್ಟಿದ್ದೇವೆ.

ಈ ಪುಸ್ತಕ ನಮ್ಮ ಮನೆಗೆ ಸುಮ್ಮನೆ ಬಂದದ್ದಲ್ಲ. ತಾಡೋಲೆಗಳಲ್ಲಿ, ಕೈಬರಹದ ಕಟ್ಟುಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಊರೂರು ತಿರುಗಿ ಕೂಡಿಸಿದವರು ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು. ಅವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅಚ್ಚಿನ ಕೆಲಸಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಮುಂದೆ 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಹೊರಬಂದವು. ಒಟ್ಟು 15 ಸಂಪುಟ. ಸರ್ಕಾರವೇ ಪ್ರಕಟಿಸಿ ಸಾಮಾನ್ಯ ಜನರ ಕೈಗೆಟುಕುವಂತೆ ಮಾಡಿತು. ಅದೇ ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಒಬ್ಬರು ಮನೆ ಕೊಟ್ಟರು, ಒಬ್ಬರು ಜೀವ ಕೊಟ್ಟರು. ಅವರು ತಂದುಕೊಟ್ಟದ್ದನ್ನು ನಾವು ಬಟ್ಟೆ ಸುತ್ತಿ ಇಟ್ಟಿದ್ದೇವೆ.

‘ನಾವು ಓದದಿದ್ದರೇನು, ಪ್ರವಚನ ಕೇಳುತ್ತೇವಲ್ಲ’ ಎನ್ನುವವರಿದ್ದಾರೆ. ಪ್ರವಚನ ಬೇಕು. ಶ್ರಾವಣ ಮಾಸದ ಪ್ರವಚನಗಳಿಂದಲೇ ಎಷ್ಟೋ ಮಂದಿ ಶರಣರ ಹೆಸರು ಅರಿತಿದ್ದಾರೆ. ಆದರೆ ಅಪ್ಪ ಬಸವಣ್ಣನವರು ಇಷ್ಟಲಿಂಗವನ್ನು ನಮ್ಮ ಅಂಗೈಗೆ ಕೊಟ್ಟದ್ದು ಯಾಕೆ? ದೇವರಿಗೂ ಭಕ್ತನಿಗೂ ನಡುವೆ ಪೂಜಾರಿ ಬೇಡವೆಂದು. ಆ ಮಾತು ವಚನಕ್ಕೂ ಅನ್ವಯಿಸಬೇಕಲ್ಲವೇ? ವಚನಕ್ಕೂ ನಮಗೂ ನಡುವೆ ಯಾವಾಗಲೂ ಒಬ್ಬ ಭಾಷಣಕಾರ ನಿಂತೇ ಇರಬೇಕು ಎಂದಾದರೆ, ಗರ್ಭಗುಡಿಯ ಪೂಜಾರಿಯನ್ನು ಕಳಿಸಿ ವೇದಿಕೆಯ ಪೂಜಾರಿಯನ್ನು ಕರೆತಂದಂತಾಯಿತು. ಇದನ್ನು ಮಠಗಳ ಮೂಲಕ ಓದುಗರನ್ನು ತಲುಪುವ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನಮ್ಮ ಪೂಜ್ಯರು ಇದನ್ನು ಒಪ್ಪುತ್ತಾರೆಂಬ ವಿಶ್ವಾಸ ನನಗಿದೆ. ಭಕ್ತ ತಾನೇ ಓದಿಕೊಂಡು ಪ್ರಶ್ನೆ ಹಿಡಿದು ಬರುವುದು ಒಳ್ಳೆಯ ಗುರುವಿಗೆ ಸಂತೋಷದ ಸಂಗತಿ.

ಇನ್ನೊಂದು ಕಡೆ ಮೊಬೈಲಿನ ಕಾಟ. ಬೆಳಗಾದರೆ ಸಾಕು, ಹೂವಿನ ಚಿತ್ರದ ಮೇಲೆ ಒಂದು ಸಾಲು, ಕೆಳಗೆ ಬಸವಣ್ಣನವರ ಹೆಸರು. ಅದು ಯಾವ ವಚನದ್ದು, ಹಿಂದೆ ಮುಂದೆ ಏನಿದೆ, ಅಂಕಿತ ಯಾವುದು, ಅಸಲಿಗೆ ಅದು ವಚನವೇ ಹೌದೇ ಎಂದು ಕೇಳುವವರಿಲ್ಲ. ಕೈ ಮುಗಿಯುವ ಚಿಹ್ನೆ ಒತ್ತಿ ಹತ್ತು ಜನರಿಗೆ ದಾಟಿಸಿದರೆ ಅಂದಿನ ಕರ್ತವ್ಯ ಮುಗಿಯಿತು. ಪುಸ್ತಕ ತೆರೆದು ಪರಿಶೀಲಿಸುವ ಅಭ್ಯಾಸವಿಲ್ಲದ ಸಮಾಜಕ್ಕೆ ಯಾರು ಏನನ್ನು ಬೇಕಾದರೂ ವಚನವೆಂದು ಹೇಳಿ ನಂಬಿಸಬಹುದು. ನಮ್ಮ ಚಳವಳಿಗೆ ಇದಕ್ಕಿಂತ ದೊಡ್ಡ ಅಪಾಯ ಹೊರಗಿನಿಂದ ಬರಬೇಕಾಗಿಲ್ಲ.

ಆದ್ದರಿಂದ ಈ ಸಂಚಿಕೆಯಲ್ಲಿ ನನ್ನ ಬಿನ್ನಹ ಒಂದೇ. ಪ್ರತಿಯೊಬ್ಬರೂ ಐದು ಪುಸ್ತಕ ಆರಿಸಿಕೊಳ್ಳಿ. ಒಮ್ಮೆ ಓದಿ ಕಪಾಟಿಗೆ ಸೇರಿಸುವ ಪುಸ್ತಕಗಳಲ್ಲ. ಬದುಕಿರುವಷ್ಟು ಕಾಲ ಒಬ್ಬರೇ ಕೂತು ಮತ್ತೆ ಮತ್ತೆ ಓದುವ ಪುಸ್ತಕಗಳು.

ಓದಿದ್ದನ್ನೇ ಯಾಕೆ ಓದಬೇಕು? ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕಾಲುವೆಗೋ ರಸ್ತೆಗೋ ಲೆವೆಲ್ ತೆಗೆಯುವಾಗ ಎತ್ತರ ಗೊತ್ತಿರುವ ಒಂದು ಸ್ಥಿರ ಬಿಂದುವಿನಿಂದ ಹೊರಡುತ್ತೇವೆ. ಅದಕ್ಕೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಮೈಲಿಗಟ್ಟಲೆ ಅಳತೆ ಮಾಡಿಕೊಂಡು ಹೋದ ಮೇಲೆ ಮತ್ತೆ ಅದೇ ಬಿಂದುವಿಗೋ, ಎತ್ತರ ಗೊತ್ತಿರುವ ಇನ್ನೊಂದು ಬಿಂದುವಿಗೋ ಬಂದು ಮುಟ್ಟಬೇಕು. ಲೆಕ್ಕ ಕೂಡಿದರೆ ಸರಿ. ಕೂಡದಿದ್ದರೆ ತಪ್ಪು ಕಲ್ಲಿನದಲ್ಲ, ದಾರಿಯಲ್ಲಿ ನಾವು ಮಾಡಿದ ಅಳತೆಯದು. ಹಿಂತಿರುಗಿ ಬಂದು ಮುಟ್ಟದೆ ಹೋದರೆ ಎಷ್ಟು ದೂರ ನಡೆದರೂ ಅಳತೆ ಸರಿಯೋ ತಪ್ಪೋ ತಿಳಿಯುವುದೇ ಇಲ್ಲ. ಮರಳಿ ಓದುವ ಪುಸ್ತಕ ಇಂಥ ಬೆಂಚ್‌ಮಾರ್ಕ್. ಅದು ಇದ್ದಲ್ಲೇ ಇರುತ್ತದೆ. ಹತ್ತು ವರ್ಷದ ಮೇಲೆ ಬಂದು ಅದರ ಪಕ್ಕ ನಿಂತಾಗ ನಾವು ಎಷ್ಟು ಸರಿದಿದ್ದೇವೆ ಎಂಬುದು ಗೊತ್ತಾಗುತ್ತದೆ.

ಆಯ್ಕೆ ಹೇಗೆ? ಮೂರು ಪರೀಕ್ಷೆ ಸಾಕು. ಒಂದು, ಪುಸ್ತಕವನ್ನು ಎಲ್ಲಿ ತೆರೆದರೂ ಓದಿಸಿಕೊಳ್ಳಬೇಕು. ಎರಡು, ಅದು ನಮ್ಮ ಕಾಯಕಕ್ಕೆ, ಸಂಸಾರಕ್ಕೆ, ವಯಸ್ಸಿಗೆ ನೇರವಾಗಿ ಮಾತಾಡಬೇಕು. ಮೂರು, ಅದು ನಮ್ಮನ್ನು ಹೊಗಳಬಾರದು. ಓದಿ ಮುಗಿಸಿದಾಗಲೆಲ್ಲ ‘ನಾವು ಎಷ್ಟು ಶ್ರೇಷ್ಠರು’ ಎನ್ನಿಸುವ ಪುಸ್ತಕವನ್ನು ಎರಡನೆಯ ಸಲ ಓದುವ ಅಗತ್ಯವಿಲ್ಲ. ಈ ಪರೀಕ್ಷೆಯಲ್ಲಿ ನನ್ನ ಮಟ್ಟಿಗೆ ಉಳಿದ ಐದನ್ನು ಹೇಳುತ್ತೇನೆ. ನಿಮ್ಮ ಐದು ಬೇರೆ ಇರಬಹುದು, ಇರಬೇಕು.

ಮೊದಲನೆಯದು ಬಸವಣ್ಣನವರ ವಚನಗಳು. ಟೀಕೆ ಟಿಪ್ಪಣಿಯಿಲ್ಲದ, ಅಕ್ಷರ ದೊಡ್ಡದಾಗಿರುವ, ಕೈಯಲ್ಲಿ ಹಿಡಿದು ಓದಲು ಭಾರವಾಗದ ಒಂದು ಪ್ರತಿ. ತನ್ನನ್ನು ತಾನೇ ಇಷ್ಟು ನಿರ್ದಾಕ್ಷಿಣ್ಯವಾಗಿ ವಿಚಾರಣೆ ಮಾಡಿಕೊಂಡ ಇನ್ನೊಬ್ಬ ಮಂತ್ರಿಯನ್ನು ನಾನು ಓದಿಲ್ಲ. ಅಧಿಕಾರದ ಕುರ್ಚಿಯಲ್ಲಿ ಇರುವವರು ಒಮ್ಮೆ, ಕುರ್ಚಿ ಇಳಿದ ಮೇಲೆ ಇನ್ನೊಮ್ಮೆ ಓದಬೇಕು. ಎರಡು ಓದಿನ ನಡುವಿನ ವ್ಯತ್ಯಾಸವೇ ಒಂದು ಪಾಠ.

ಎರಡನೆಯದು ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣೊಡೆಯ, ಹೀಗೆ ನಾಲ್ವರು ಸಂಕಲಿಸಿದ ನಾಲ್ಕು ಪಾಠಗಳಿವೆ. ಯಾವುದಾದರೊಂದನ್ನು ಹಿಡಿಯಿರಿ. ಇಡೀ ಗ್ರಂಥ ಸುಲಭವಲ್ಲ. ಸಿದ್ಧರಾಮನ ಪ್ರಸಂಗವೊಂದನ್ನೇ ಓದಿದರೂ ಸಾಕು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ದೊಡ್ಡ ಹೆಸರು ಪಡೆದ ಆ ಮಹಾನುಭಾವನ ಎದುರು ಅಲ್ಲಮಪ್ರಭುಗಳು ಬಂದು ನಿಲ್ಲುತ್ತಾರೆ. ಕೆರೆ ಜನರಿಗೆ ಬೇಕಾದದ್ದೇ. ಆದರೆ ಕಟ್ಟಿದೆನೆಂಬ ಹಮ್ಮು ಒಳಗೆ ಉಳಿಯಿತೇ ಎಂಬುದು ಪ್ರಭುಗಳ ಪ್ರಶ್ನೆ. ಸೇತುವೆ, ಕೆರೆ, ಕಟ್ಟಡಗಳ ಶಂಕುಸ್ಥಾಪನೆಯ ಕಲ್ಲುಗಳ ನಡುವೆ ವೃತ್ತಿಜೀವನ ಕಳೆದ ನನ್ನಂಥವನಿಗೆ ಈ ಭಾಗ ಓದುವಾಗ ಪ್ರಭುಗಳು ಸಿದ್ಧರಾಮನನ್ನು ಬಿಟ್ಟು ನನ್ನ ಕಡೆಗೇ ತಿರುಗಿದಂತೆ ಅನ್ನಿಸುತ್ತದೆ. ಮಠ ಕಟ್ಟಿಸುವವರು, ಕಲ್ಯಾಣಮಂಟಪ ಕಟ್ಟಿಸುವವರು, ದಾನಿಗಳ ಪಟ್ಟಿಯಲ್ಲಿ ತಮ್ಮ ಹೆಸರು ಎಷ್ಟನೆಯದು ಎಂದು ನೋಡುವವರು ಎಲ್ಲರಿಗೂ ಇದು ವರ್ಷಕ್ಕೊಮ್ಮೆ ಬೇಕಾದ ಓದು.

ಮೂರನೆಯದು ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದಾದ ಶಿವಶರಣೆಯರ ವಚನ ಸಂಪುಟ. ಅಕ್ಕಮಹಾದೇವಿಯವರನ್ನು ಎಲ್ಲರೂ ಬಲ್ಲರು. ಆಯ್ದಕ್ಕಿ ಲಕ್ಕಮ್ಮನವರನ್ನು ನಾಟಕದ ಪಾತ್ರವಾಗಿ ಬಲ್ಲರೇ ಹೊರತು ಓದಿದವರು ಕಡಿಮೆ. ಅವರ ವಚನಗಳು ಸಿಕ್ಕಿರುವುದೇ ಸುಮಾರು 25. ಒಂದು ಗಂಟೆಯಲ್ಲಿ ಓದಿ ಮುಗಿಯುತ್ತದೆ, ಆದರೆ ಒಂದು ಜನ್ಮಕ್ಕಾಗುವಷ್ಟು ಕೆಲಸ ಹಚ್ಚುತ್ತದೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬನ್ನಿ ಎಂದ ಹೆಣ್ಣುಮಗಳು ಆಕೆ. ಕದ್ದ ಅಕ್ಕಿಯಲ್ಲ, ಬಿದ್ದ ಅಕ್ಕಿ. ಅದೂ ಹೆಚ್ಚಾಯಿತು ಎಂದರು. ಸರ್ಕಾರಿ ನೌಕರಿಯಲ್ಲಿರುವ ನಮ್ಮ ಮಕ್ಕಳು, ಗುತ್ತಿಗೆದಾರರು, ವ್ಯಾಪಾರಸ್ಥರು, ಅವರ ಮನೆಯ ಹೆಣ್ಣುಮಕ್ಕಳು ಈ ಪುಟಗಳನ್ನು ಓದಬೇಕು. ಸಭೆಯಲ್ಲಿ ಕೇಳಿದರೆ ಚಪ್ಪಾಳೆ ಹೊಡೆದು ಎದ್ದು ಬರುತ್ತೇವೆ. ಒಬ್ಬರೇ ಓದಿದಾಗ ಚಪ್ಪಾಳೆ ಹೊಡೆಯಲು ಬರುವುದಿಲ್ಲ. ಮನೆಯೊಳಗೆ ಬಂದು ಬಿದ್ದಿರುವ ಹೆಚ್ಚಿನ ಅಕ್ಕಿ ಯಾವುದೆಂದು ಕಣ್ಣು ತಾನಾಗಿ ಹುಡುಕುತ್ತದೆ.

ನಾಲ್ಕನೆಯದು ಡಾ. ಬಿ.ಆರ್. ಅಂಬೇಡ್ಕರ್ ಅವರ ‘ಜಾತಿ ವಿನಾಶ’. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಸಿದ್ಧಪಡಿಸಿದ ಭಾಷಣ ಅದು. ಬರೆದದ್ದನ್ನು ನೋಡಿದ ಮೇಲೆ ಸಂಘಟಕರು ಹಿಂದೆ ಸರಿದರು. ಬಾಬಾಸಾಹೇಬರು ಅದನ್ನು 1936ರಲ್ಲಿ ತಾವೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಜಾತಿ ಒಡೆಯಲು ಅವರು ಹೇಳುವ ನಿಜವಾದ ಮದ್ದುಗಳಲ್ಲಿ ಅಂತರ್ಜಾತಿ ವಿವಾಹ ಮುಖ್ಯವಾದದ್ದು. ಹರಳಯ್ಯ-ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣದಲ್ಲಿ ಶರಣರು ಪ್ರಾಣ ತೆತ್ತರೆಂದು ವೇದಿಕೆಯಲ್ಲಿ ಹೇಳುವ ನಾವು, ಮಗಳಿಗೆ ವರ ನೋಡುವಾಗ ಒಳಪಂಗಡದ ಹೆಸರು ಹಾಕಿಯೇ ಜಾಹೀರಾತು ಕೊಡುತ್ತೇವೆ. ಬೇರೆ ಜಾತಿಯ ಮಾತು ಹಾಗಿರಲಿ, ಲಿಂಗಾಯತರೊಳಗಿನ ಬೇರೆ ಪಂಗಡ ಎಂದರೂ ಮನೆಯಲ್ಲಿ ಮೌನ ಕವಿಯುತ್ತದೆ. ಈ ಪುಸ್ತಕವನ್ನು ಓದಲು ಏಕಾಂತವೇ ಬೇಕು. ನಾಲ್ಕು ಜನರ ಎದುರು ಓದಿದರೆ ಎಲ್ಲರೂ ಹೌದು ಹೌದು ಎನ್ನುತ್ತೇವೆ.

ಐದನೆಯದು ಒಂದು ಕಾದಂಬರಿ, ಶಿವರಾಮ ಕಾರಂತರ ‘ಬೆಟ್ಟದ ಜೀವ’. ಬಂದದ್ದು 1943ರಲ್ಲಿ. ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯ, ಅವರ ಮಡದಿ ಶಂಕರಮ್ಮ, ಮನೆ ಬಿಟ್ಟು ಹೋದ ಮಗ. ಹುಡುಗರಾಗಿದ್ದಾಗ ಓದಿದರೆ ಇದು ಬೆಟ್ಟ, ಹೊಳೆ, ಹುಲಿ, ಆನೆಗಳ ಪುಸ್ತಕ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಾಗ ಓದಿದರೆ ಇದು ನಮ್ಮ ಮನೆಯ ಪುಸ್ತಕ. ದುಃಖವನ್ನು ಒಳಗಿಟ್ಟುಕೊಂಡು ಬಂದವರಿಗೆ ಮೊದಲು ಊಟ ಬಡಿಸುವ ಆ ವೃದ್ಧರಲ್ಲಿ ಕಾಯಕವೂ ಇದೆ, ದಾಸೋಹವೂ ಇದೆ. ಆ ಪದಗಳನ್ನು ಮಾತ್ರ ಅವರು ಬಳಸುವುದಿಲ್ಲ. ನಮ್ಮ ಪರಿಭಾಷೆಯ ಹೊರಗೂ ಶರಣ ಜೀವನವಿದೆ ಎಂದು ತಿಳಿಯಲು ಇಂಥದ್ದೊಂದು ಪುಸ್ತಕ ಪಟ್ಟಿಯಲ್ಲಿ ಇರಲೇಬೇಕು.

ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಶರಣರದು ಅನುಭವ ಮಂಟಪದ ಪರಂಪರೆ, ಕೂಡಿ ಚಿಂತಿಸುವ ಪರಂಪರೆ, ಅದರಲ್ಲಿ ಈ ಒಂಟಿ ಓದಿಗೆ ಏನು ಜಾಗ ಎಂದು ಕೆಲವರು ಕೇಳಬಹುದು. ಅನುಭವ ಮಂಟಪಕ್ಕೆ ಬಂದವರು ಬರಿಗೈಯಲ್ಲಿ ಬಂದವರಲ್ಲ. ಹಗ್ಗ ಹೊಸೆಯುವಾಗ, ದೋಣಿ ನಡೆಸುವಾಗ, ಬಟ್ಟೆ ನೇಯುವಾಗ ತಮ್ಮೊಳಗೆ ತಾವೇ ಆಡಿಕೊಂಡ ಮಾತನ್ನು ಹೊತ್ತು ಬಂದರು. ಅದಕ್ಕಾಗಿಯೇ ಅಲ್ಲಿ ಒಬ್ಬೊಬ್ಬರ ದನಿಯೂ ಬೇರೆ, ಅಂಕಿತವೂ ಬೇರೆ. ಒಬ್ಬರೇ ಕೂತು ಯೋಚಿಸದವರು ನೂರು ಜನ ಒಂದೆಡೆ ಸೇರಿದರೆ ಅದು ಸಭೆಯಾಗುತ್ತದೆ, ಅನುಭಾವ ಗೋಷ್ಠಿಯಾಗುವುದಿಲ್ಲ. ಕಣ್ಣು ಮಂಜಾದವರು, ಓದು ಬಾರದ ಹಿರಿಯರು ಇದರಿಂದ ಹೊರಗಲ್ಲ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಒಂದೇ ವಚನವನ್ನು ಪ್ರತಿ ಸಂಜೆ ಕಣ್ಣು ಮುಚ್ಚಿ ಕೇಳುವುದೂ ಮರು ಓದೇ. ಮೊಮ್ಮಕ್ಕಳಿಂದ ದಿನಕ್ಕೊಂದು ವಚನ ಓದಿಸಿಕೊಂಡರೆ ಇಬ್ಬರಿಗೂ ಲಾಭ.

ಮಾಡುವ ಕ್ರಮ ಸರಳ. ಬೆಳಗಿನ ಇಷ್ಟಲಿಂಗ ಪೂಜೆ ಮುಗಿದ ಮೇಲೆ 20 ನಿಮಿಷ ಅಲ್ಲಿಂದ ಏಳಬೇಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ದಿನಕ್ಕೆ ಒಂದೆರಡು ವಚನ ಅಥವಾ ನಾಲ್ಕು ಪುಟ, ಹೆಚ್ಚು ಬೇಡ. ಕೈಯಲ್ಲಿ ಪೆನ್ಸಿಲ್ ಇರಲಿ. ತಟ್ಟಿದ ಸಾಲಿನ ಪಕ್ಕ ದಿನಾಂಕ ಹಾಕಿ. ಪುಸ್ತಕದ ಮೇಲೆ ಬರೆದರೆ ಅಪಚಾರವೆಂದು ಹೆದರಬೇಡಿ. ಮುಂದೆ ಅದೇ ಪುಟಕ್ಕೆ ಬಂದಾಗ ಆ ದಿನಾಂಕ ನಿಮ್ಮ ಜೊತೆ ಮಾತಾಡುತ್ತದೆ. ನಮ್ಮ ನಂತರ ಆ ಪುಸ್ತಕ ತೆರೆಯುವ ಮಗನಿಗೋ ಸೊಸೆಗೋ ಅದು ನಾವು ಬಿಟ್ಟುಹೋಗುವ ಒಳ್ಳೆಯ ಆಸ್ತಿ. ಅರ್ಥವಾಗದ ಪಾರಿಭಾಷಿಕ ಪದಗಳಿಗೆ ಸಮಗ್ರ ಸಂಪುಟಗಳ 15ನೆಯದಾದ ಪದಕೋಶವಿದೆ. ಎಷ್ಟೋ ಮಠಗಳ ಗ್ರಂಥಾಲಯಗಳಲ್ಲಿ ಅದು ಬೀರುವಿನೊಳಗಿದೆ.

ಮಠಗಳಲ್ಲಿ, ಬಸವ ಕೇಂದ್ರಗಳಲ್ಲಿ ಒಂದು ಸಣ್ಣ ಬದಲಾವಣೆ ಮಾಡಬಹುದು. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಉಪನ್ಯಾಸಕ್ಕೆ ಮೊದಲು ಅರ್ಧ ಗಂಟೆ ಮೀಸಲಿಡಿ. ಬಂದವರಲ್ಲಿ ನಾಲ್ವರು ಆ ತಿಂಗಳು ತಾವು ಒಬ್ಬರೇ ಕೂತು ಓದಿದ, ತಮ್ಮನ್ನು ಕಾಡಿದ ಒಂದೊಂದು ವಚನ ಓದಿ, ಯಾಕೆ ಕಾಡಿತೆಂದು ಎರಡು ಮಾತು ಹೇಳಲಿ. ಹೆಣ್ಣುಮಕ್ಕಳಿಗೆ, ಹುಡುಗರಿಗೆ ಮೊದಲ ಸರದಿ ಕೊಡಿ. ಗ್ರಂಥಾಲಯದ ಬೀರುವಿನ ಬೀಗದ ಕೈ ಯಾರ ಬಳಿ ಇದೆಯೆಂದು ಊರಿನವರಿಗೆಲ್ಲ ಗೊತ್ತಿರಲಿ. ಮತ್ತು ಇನ್ನು ಮುಂದೆ ವಚನ ಗ್ರಂಥ ಕಾಣಿಕೆ ಕೊಡುವವರು ಅದರ ಪ್ಲಾಸ್ಟಿಕ್ ಹೊದಿಕೆಯನ್ನು ತಾವೇ ಹರಿದು, ತಮಗೆ ಪ್ರಿಯವಾದ ಒಂದು ಪುಟಕ್ಕೆ ಗುರುತಿನ ಚೀಟಿ ಇಟ್ಟು ಕೊಡಲಿ. ಆ ಒಂದು ಪುಟವನ್ನಾದರೂ ಪಡೆದವರು ತೆರೆದು ನೋಡುತ್ತಾರೆ.