ಬೂಷ್ಟಿನೊಳಗಿನ ಗಡಿಯಾರ

ರೊಟ್ಟಿಗೆ ಬೂಷ್ಟು ಹಿಡಿದರೆ ನಾವು ಮೂಗು ಮುರಿದು ಎಸೆದುಬಿಡುತ್ತೇವೆ. ಕಣ್ಣಿಲ್ಲದ, ಮಿದುಳಿಲ್ಲದ ಆ ಅಲ್ಪಜೀವಿಗೆ ಹಗಲೇನು, ಇರುಳೇನು ಎನ್ನುವವರೂ ಉಂಟು. ಆದರೆ ಹಗಲಿರುಳುಗಳ ಲೆಕ್ಕವನ್ನು ಅದು ನಮಗಿಂತ ಶ್ರದ್ಧೆಯಿಂದ ಇಡುತ್ತದೆ. ನಗರವಾಸಿ ವಿದ್ಯಾರ್ಥಿಗಳು ಅದರಿಂದ ಕಲಿಯತಕ್ಕ ಪಾಠವೊಂದಿದೆಯೆಂಬುದು ನಮ್ಮ ಅಭಿಪ್ರಾಯ.

ನ್ಯೂರೊಸ್ಪೋರವೆಂಬುದು ಕಿತ್ತಳೆ ಬಣ್ಣದ ಬೂಷ್ಟು. ಫ್ರಾನ್ಸಿನ ಬೇಕರಿಗಳ ರೊಟ್ಟಿಯನ್ನು ಕೆಡಿಸಿ, 1843ರಲ್ಲಿ ಅದು ವಿದ್ವಾಂಸರ ಗಮನಕ್ಕೆ ಬಂದಿತು. ಸುಟ್ಟ ಕಬ್ಬಿನ ಮೇಲೆಯೂ ಬೆಳೆಯುತ್ತದೆ. ಇದರ ಒಂದು ತಳಿಯನ್ನು ಉದ್ದನೆಯ ಗಾಜಿನ ನಳಿಗೆಯಲ್ಲಿ ಬಿತ್ತಿ ಕಗ್ಗತ್ತಲೆಯಲ್ಲಿಟ್ಟರೆ, ಸುಮಾರು 22 ಗಂಟೆಗೊಮ್ಮೆ ಬೀಜಕಣಗಳ ಪಟ್ಟೆಯೊಂದನ್ನು ಮೂಡಿಸುತ್ತ ಮುಂದುವರಿಯುತ್ತದೆ. ಪಿಟೆನ್‌ಡ್ರಿಗ್ ಮತ್ತು ಅವರ ಸಂಗಡಿಗರು 1959ರಲ್ಲಿ ಈ ತಾಳವನ್ನು ಲೋಕಕ್ಕೆ ತಿಳಿಸಿದರು. ಭೂಮಿಯ ಆವರ್ತನೆಯೇ ಇದಕ್ಕೆ ಕಾರಣವಿರಬಹುದೇ ಎಂದು ಪರೀಕ್ಷಿಸಲು 1983ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಈ ಬೂಷ್ಟನ್ನು ಅಂತರಿಕ್ಷಕ್ಕೂ ಒಯ್ದರು. ಅಲ್ಲಿಯೂ ತಾಳ ನಿಲ್ಲಲಿಲ್ಲ. ಗಡಿಯಾರವು ಜೀವದ ಒಳಗೇ ಇದೆ.

ಅದರ ಯಂತ್ರವಾದರೂ ಎಂತಹುದು? ಎರಡು ಪ್ರೋಟೀನುಗಳು ಜೊತೆಗೂಡಿ 'ಫ್ರೀಕ್ವೆನ್ಸಿ' ಎಂಬ ಜೀನನ್ನು ಎಚ್ಚರಿಸುತ್ತವೆ. ಆ ಜೀನಿನಿಂದ ಹುಟ್ಟುವ ಪ್ರೋಟೀನು ಹೆಚ್ಚಿದಂತೆ, ತನ್ನ ಹುಟ್ಟಿಗೆ ಕಾರಣವಾದ ಜೋಡಿಯನ್ನೇ ತಡೆಯುತ್ತದೆ. ಗಂಟೆಗಳು ಕಳೆದಂತೆ ಅದು ನಾಶವಾಗಿ ತಡೆಯು ಸಡಿಲಿದಾಗ ಆಟವು ಮೊದಲಿನಿಂದ ಆರಂಭವಾಗುತ್ತದೆ. ಆ ಜೋಡಿಯಲ್ಲಿ ಒಂದಾದ 'ವೈಟ್ ಕಾಲರ್ ಒಂದು' ಎಂಬುದೇ ಬೂಷ್ಟಿನ ಕಣ್ಣು. ನೀಲಿ ಬೆಳಕನ್ನು ಅದು ಗ್ರಹಿಸುತ್ತದೆ. ಬೆಳಕು ತಾಗಿದೊಡನೆ ಜೀನು ಚುರುಕಾಗುತ್ತದೆ. ಹೀಗೆ ದಿನದಿನವೂ ತಿದ್ದಿಸಿಕೊಂಡು, 22 ಗಂಟೆಯ ಗಡಿಯಾರ 24ಕ್ಕೆ ಹೊಂದಿಕೊಳ್ಳುತ್ತದೆ. ಆದರೆ ನಡುವಿರುಳಿನಲ್ಲಿ ಕೆಲವೇ ನಿಮಿಷ ಬೆಳಕು ಬಿದ್ದರೂ ಲೆಕ್ಕವು ಪಲ್ಲಟವಾಗುತ್ತದೆ.

ಮನುಷ್ಯನ ಗಡಿಯಾರದ ಬಿಡಿಭಾಗಗಳು ಬೇರೆ. ನಿಯಮ ಮಾತ್ರ ಇಂಥದೇ. ನಮ್ಮದು 24 ಗಂಟೆಗಿಂತ ತುಸು ದೀರ್ಘ. ಮುಂಜಾವಿನ ಬೆಳಕು ಅದನ್ನು ಸರಿಪಡಿಸುತ್ತದೆ. ರಾತ್ರಿಯ ದೀಪವೂ ಫೋನಿನ ಬೆಳಕೂ ಇನ್ನಷ್ಟು ಹಿಂದೆ ತಳ್ಳುತ್ತವೆ. ಹೀಗಿರಲು, ಪರೀಕ್ಷೆಯ ಕಾಲದಲ್ಲಿ ಇಡೀ ರಾತ್ರಿ ದೀಪ ಉರಿಸುವವನೇ ಉತ್ತಮ ವಿದ್ಯಾರ್ಥಿಯೆಂದು ಹೊಗಳುವ ರೂಢಿಯನ್ನು ನಾವು ಒಪ್ಪಲಾರೆವು. ನಿದ್ದೆಗೆಟ್ಟು ಓದಿದ್ದು ಬೆಳಗಿನ ತರಗತಿಯಲ್ಲಿ ತೂಕಡಿಕೆಯಾಗಿ ಹೊರಬೀಳುವುದನ್ನು ಉಪಾಧ್ಯಾಯರಾದ ನಾವು ದಿನವೂ ಕಾಣುತ್ತೇವೆ.

ಒಂದೇ ಕೋಣೆಯ ಮನೆ, ಪಾಳಿಯ ಕೆಲಸ ಮುಗಿಸಿ ಸರಿರಾತ್ರಿಯಲ್ಲಿ ಬರುವ ತಂದೆ. ಅಲ್ಲಿ ಕತ್ತಲೆಯೆಲ್ಲಿ ಎಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಅಂಥ ಮಗುವನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ. ಅದರ ಹಾಸಿಗೆಯ ಕಡೆಗೊಂದು ಪರದೆ ಕಟ್ಟುವುದು, ಒಂಬತ್ತು ಗಂಟೆಯ ಬಳಿಕ ಟೆಲಿವಿಷನ್ ಆರಿಸುವುದು ಹಿರಿಯರ ಕರ್ತವ್ಯ. ಮಕ್ಕಳಿಗೆ ಪುಸ್ತಕ ಕೊಡಿಸುವ ನಾವು ಇಷ್ಟು ಕತ್ತಲೆಯನ್ನೂ ಕೊಡಿಸಬೇಕು.

ವಿದ್ಯಾರ್ಥಿ ಮಿತ್ರರೇ, ರಾತ್ರಿ ಬೇಗ ಮಲಗಿ, ಮುಂಜಾನೆ ಕಿಟಕಿ ತೆರೆದು ಆ ಬೆಳಕಿನಲ್ಲಿ ಓದಿರಿ. ಬೂಷ್ಟು ಪಾಲಿಸುವ ನಿಯಮವನ್ನು ಪಾಲಿಸುವುದರಿಂದ ನಮ್ಮ ಗೌರವಕ್ಕೇನೂ ಕುಂದಿಲ್ಲ.