ಕಲ್ಲಂಗಡಿ ಹೊರುವವರು ರೈತರಲ್ಲವೇ?

ಬೇಸಿಗೆ ಬಂತೆಂದರೆ ಪೇಪರಿನಲ್ಲಿ ಒಂದು ಫೋಟೋ ಗ್ಯಾರಂಟಿ. ಹೊಲದ ತುಂಬ ಕಲ್ಲಂಗಡಿ, ನಡುವೆ ತಲೆ ಮೇಲೆ ಕೈ ಹೊತ್ತು ಕೂತ ಹೊಲದ ಯಜಮಾನ. ಕೆಳಗೆ ‘ಬೆಲೆ ಕುಸಿತ, ರೈತ ಕಂಗಾಲು’. ಆ ಗೋಳು ಸುಳ್ಳು ಅಂತ ನಾವು ಹೇಳೋದಿಲ್ಲ. ಎರಡೆಕರೆಯವನು ಸಾಲ ಮಾಡಿ ಬೀಜ, ಗೊಬ್ಬರ, ಪ್ಲಾಸ್ಟಿಕ್ ಹಾಳೆ ತಂದು ಹಾಳಾದದ್ದನ್ನು ನಾವೇ ಕಂಡಿದ್ದೇವೆ. ನಮ್ಮ ಪ್ರಶ್ನೆ ಬೇರೆ. ಆ ಹಣ್ಣು ಕುಯ್ದವರು, ಹೊತ್ತವರು, ಲಾರಿಗೆ ತುಂಬಿದವರು ಆ ಫೋಟೋದಲ್ಲಿ ಯಾಕಿಲ್ಲ? ‘ರೈತ’ ಅನ್ನೋ ಮಾತಿನೊಳಗೆ ನಮಗೆ ಜಾಗ ಉಂಟೋ ಇಲ್ಲವೋ?

ನಾವು ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕೇರಿಗಳವರು. ಬೇಸಿಗೆಯಲ್ಲಿ ಮೇಸ್ತ್ರಿ ಕಳಿಸಿದ ಟೆಂಪೊ ಹತ್ತಿ ಹೊಲದಿಂದ ಹೊಲಕ್ಕೆ ಹೋಗುವವರು. ನಮ್ಮವ್ವಂದಿರು ಹೊತ್ತರು, ಚಿಕ್ಕಪ್ಪಂದಿರು ಹೊತ್ತರು, ಕಾಲೇಜು ಕಲಿತ ನಾವೂ ಹೊತ್ತಿದ್ದೇವೆ. ನಮ್ಮ ಬಿ.ಎ. ಪರೀಕ್ಷೆಯ ಫೀಜು ಹುಟ್ಟಿದ್ದು ಈ ಹಣ್ಣಿನಲ್ಲೇ.

ಇದನ್ನು ‘ಕಸುಬಿಲ್ಲದ ಕೂಲಿ’ ಅಂತ ಕರೀತಾರೆ. ಹಾಗಾದರೆ ಹಣ್ಣಾದ ಕಾಯಿ ಯಾವುದು ಅಂತ ಸೂಟುಬೂಟಿನವರು ಬಂದು ಹೇಳಲಿ! ತೊಟ್ಟಿನ ಪಕ್ಕದ ಕುಡಿಬಳ್ಳಿ ಒಣಗಿರಬೇಕು. ನೆಲಕ್ಕೆ ತಾಗಿದ ಮಗ್ಗುಲು ಬಿಳಿಪು ಬಿಟ್ಟು ಹಳದಿಗೆ ತಿರುಗಿರಬೇಕು. ಬೆರಳಲ್ಲಿ ತಟ್ಟಿದರೆ ಸದ್ದು ಮಂದವಾಗಿ ಬರಬೇಕು. ಎಳೆದು ಕೀಳಬಾರದು, ತೊಟ್ಟು ಉಳಿಸಿ ಕುಯ್ಯಬೇಕು. ಲಾರಿಯ ತಳಕ್ಕೆ, ಮಗ್ಗುಲಿಗೆ ಹುಲ್ಲು ಹಾಸಬೇಕು. ಇಲ್ಲದಿದ್ದರೆ ದಾರಿಯಲ್ಲೇ ಹಣ್ಣು ಒಡೆಯುತ್ತೆ. ಇಷ್ಟನ್ನೂ ನಮ್ಮವ್ವ ಯಾವ ಸ್ಕೂಲಲ್ಲೂ ಕಲಿತವಳಲ್ಲ. ಕಲಿತವಳಲ್ಲ ಅನ್ನೋದಕ್ಕೇ ಅವಳ ಕಸುಬಿಗೆ ಬೆಲೆ ಇಲ್ಲ.

ಕೂಲಿಯ ಲೆಕ್ಕ ನೋಡಿ. ನಾವು ಹೋಗುವ ಕಡೆ ಕೂಲಿ ಟನ್ನಿನ ಮೇಲೆ. ಒಂದು ಲಾರಿಗೆ 10 ಟನ್ ಅಂತ ಇಟ್ಟುಕೊಳ್ಳಿ. ಆದರೆ ಹಣ್ಣು ತಾನೇ ನಡೆದು ಲಾರಿ ಹತ್ತೋದಿಲ್ಲ. ಬಳ್ಳಿಯಿಂದ ಬದುವಿಗೆ ಒಂದು ಸಲ, ಬದುವಿನಿಂದ ರಸ್ತೆಗೆ ಒಂದು ಸಲ, ರಸ್ತೆಯಿಂದ ಲಾರಿಗೆ ಇನ್ನೊಂದು ಸಲ ಎತ್ತಬೇಕು. ಎತ್ತಿದ್ದು 30 ಟನ್, ದುಡ್ಡು 10 ಟನ್ನಿಗೆ! ಹತ್ತು ಜನರ ಗುಂಪಾದರೆ ತಲೆಗೆ 3,000 ಕಿಲೋ. ವೇ ಬ್ರಿಡ್ಜು ಲಾರಿಯನ್ನು ತೂಗುತ್ತೆ, ನಮ್ಮ ಸೊಂಟವನ್ನು ತೂಗೋದಿಲ್ಲ. ಅದರಲ್ಲೂ ಒಡೆದ ಹಣ್ಣಿಗೆ ಮುರ್ಕೊಳ್ಳೋದು ನಮ್ಮ ಕೂಲಿಯಲ್ಲೇ. ಬೆಲೆ ಬಿದ್ದರೆ ಮೇಸ್ತ್ರಿ ‘ಸಾವ್ಕಾರಂಗೆ ಲಾಸಾಗದೆ, ಅಡ್ಜಸ್ಟ್ ಮಾಡ್ಕಳಿ’ ಅಂತಾನೆ. ಬೆಲೆ ಏರಿದ ವರ್ಷ ಆ ಮಾತೇ ಇಲ್ಲ.

ಹೆಣ್ಣಾಳಿಗೆ ಇನ್ನೂ ಕಮ್ಮಿ. ಸಿಂಬಿ ಇಟ್ಟು ಮಂಕರಿ ಹೊರುವವಳು ಅವಳು, ಲಾರಿ ಮೇಲೆ ನಿಂತು ಹಿಡಿಯುವವನು ಗಂಡು, ಹೆಚ್ಚಿನ ಕೂಲಿ ಅವನಿಗೆ. ಕನಿಷ್ಠ ಕೂಲಿ ಕಾಯ್ದೆ ಬಂದದ್ದು 1948ರಲ್ಲಿ. ಹೆಣ್ಣಿಗೂ ಗಂಡಿಗೂ ಸಮಾನ ವೇತನ ಅಂದದ್ದು 1976ರ ಕಾಯ್ದೆ. ಎರಡನ್ನೂ 2019ರ ವೇತನ ಸಂಹಿತೆಯೊಳಗೆ ಸೇರಿಸಿ 2025ರ ನವೆಂಬರಿನಲ್ಲಿ ಜಾರಿ ಮಾಡಿದರು. ಪುಸ್ತಕದ ರಟ್ಟು ಬದಲಾಯಿತು. ನಮ್ಮ ಬದುವಿಗೆ ಹಳೇ ಕಾಯ್ದೆಯೂ ಬರಲಿಲ್ಲ, ಹೊಸದೂ ಬಂದಿಲ್ಲ.

ಇನ್ನು ನೀರಿನ ಮಾತು. ಕಲ್ಲಂಗಡಿಯಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ನೀರೇ. ಅಷ್ಟು ನೀರು ಹೊರುವ ನಮಗೆ ಕುಡಿಯೋ ನೀರನ್ನು ಮಾತ್ರ ಇವತ್ತಿಗೂ ಕೆಲವು ಹೊಲಗಳಲ್ಲಿ ಮೇಲಿಂದ ಬೊಗಸೆಗೆ ಹುಯ್ಯುತ್ತಾರೆ. ನಾವು ಮುಟ್ಟಿದ ಚೊಂಬಿಗೆ ಮೈಲಿಗೆ, ನಾವು ಮುಟ್ಟಿದ ಹಣ್ಣಿಗಿಲ್ಲ. ಹಣ್ಣಿಗೆ ದುಡ್ಡು ಬರುತ್ತಲ್ಲ! 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಯ ನೀರು ಕುಡಿದರು. ಅದೂ ಇಂಥದೇ ಬಿಸಿಲಿನ ಮಾರ್ಚಿ. ಆ ಬೊಗಸೆ ನೀರು ಇನ್ನೂ ನಮ್ಮ ಹೊಲಗಳವರೆಗೆ ಹರಿದು ಬಂದಿಲ್ಲ.

ನಿಮಗೆ ಹೊಲ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಉತ್ತರ ಉಂಟು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಹೋದರು. ನಮ್ಮ ಅಜ್ಜಂದಿರು ಗೇಣಿದಾರರಲ್ಲ, ಜೀತಗಾರರು. ಜೀತಕ್ಕೆ ಯಾವ ಫಾರಮ್ಮು? ಉಳುವವನೇ ಒಡೆಯ ಅಂದರು, ಉತ್ತವರು ನಾವೇ ಆಗಿದ್ದರೂ ಒಡೆಯರಾಗಲಿಲ್ಲ. 2020ರಲ್ಲಿ ಆ ಕಾನೂನನ್ನೇ ತಿದ್ದಿ, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತ ಬಾಗಿಲು ತೆಗೆದರು. ದುಡ್ಡಿದ್ದವರಿಗೆ ಬಾಗಿಲು, ನಮಗೆ ಅದೇ ಮಂಕರಿ.

ಅದೇ 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂತು. ಕಲ್ಲಂಗಡಿ ಹೊಲದಲ್ಲೇ ಕೊಳೆಯಿತು. ಹಣ್ಣು, ತರಕಾರಿ ಬೆಳೆದವರಿಗೆ ಸರ್ಕಾರ ಹೆಕ್ಟೇರ್ ಲೆಕ್ಕದಲ್ಲಿ ಪರಿಹಾರ ಕೊಟ್ಟಿತು. ಕೊಡಲಿ, ಬೇಡ ಅನ್ನೋದಿಲ್ಲ. ಆದರೆ ಹಣ್ಣು ಕುಯ್ಯದೆ ಹೋದ ಆ ಬೇಸಿಗೆಯಲ್ಲಿ ನಮ್ಮ ಹೊಟ್ಟೆ ಎಷ್ಟು ಹೆಕ್ಟೇರ್ ಅಂತ ಅಳೆದವರು ಯಾರು?

ರೈತ ಸಂಘದ ಅಣ್ಣಂದಿರೇ, 1980ರಲ್ಲಿ ಹುಟ್ಟಿದ ನಿಮ್ಮ ಸಂಘ ವೈಜ್ಞಾನಿಕ ಬೆಲೆ ಕೇಳಿತು. ನ್ಯಾಯವಾದ ಬೇಡಿಕೆ. ಆ ಬೆಲೆಯ ಲೆಕ್ಕದಲ್ಲಿ ಬೀಜಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು ಅಂತ ಬರೆಯುವಾಗ ಕೂಲಿಯನ್ನು ‘ಖರ್ಚು’ ಅಂತ ಬರೀತೀರಿ. ನಾವು ಖರ್ಚಲ್ಲ, ಮನುಷ್ಯರು. ವೈಜ್ಞಾನಿಕ ಬೆಲೆಯ ಜೊತೆಗೆ ವೈಜ್ಞಾನಿಕ ಕೂಲಿ ಅಂತಲೂ ಕೂಗಿ. ಆಗ ನಿಮ್ಮ ಮೆರವಣಿಗೆಯಲ್ಲಿ ನಮ್ಮ ಕೇರಿ ಮುಂದೆ ನಡೆಯುತ್ತೆ. ದಲ್ಲಾಳಿ ನಿಮ್ಮನ್ನೂ ತಿನ್ನುತ್ತಾನೆ, ನಮ್ಮನ್ನೂ ತಿನ್ನುತ್ತಾನೆ. ಅವನನ್ನು ಬಿಟ್ಟು ನಮ್ಮ ಕೂಲಿಯಲ್ಲೇ ಕೈ ಇಡೋದು ಯಾವ ಹೋರಾಟ?

ಬಂಡಾಯದ ಗೆಳೆಯರಿಗೂ ಒಂದು ಮಾತು. ಹಣ್ಣಿನ ಕೆಂಪನ್ನು ಕ್ರಾಂತಿಯ ಕೆಂಪು ಅಂತ ಪದ್ಯ ಬರೆದು ಕೈ ತೊಳೆಯಬೇಡಿ. ಬಟವಾಡೆಯ ಸಂಜೆ ಬದುವಿನ ಮೇಲೆ ಬಂದು ನಿಲ್ಲಿ, ಲೆಕ್ಕ ಓದಿ ಹೇಳಿ.

ಹಳ್ಳಿಯ ಮೇಷ್ಟ್ರುಗಳೇ, ಮಾರ್ಚಿಯಲ್ಲಿ ಹಾಜರಿ ಪುಸ್ತಕದಲ್ಲಿ ‘ಗೈರು’ ಅಂತ ಬರೆದು ಸುಮ್ಮನಾಗಬೇಡಿ. ಆ ಹುಡುಗ ಸೋಮಾರಿಯಲ್ಲ, ಯಾವುದೋ ಲಾರಿಯ ಹಿಂದೆ ಇದ್ದಾನೆ. ಹೋಗಿ ಕರೆತನ್ನಿ. ಅವನನ್ನು ಕೆಲಸಕ್ಕೆ ಇಟ್ಟವನ ಹೆಸರನ್ನೂ ಬರೆದುಕೊಳ್ಳಿ.

ನಾವು ಕೇಳೋದು ಇಷ್ಟೇ: ಎತ್ತಿದಷ್ಟಕ್ಕೂ ಕೂಲಿ. ಹೆಣ್ಣಾಳಿಗೂ ಅಷ್ಟೇ ಕೂಲಿ. ಆ ದಿನದ ಬಟವಾಡೆ ಆ ದಿನವೇ, ಪುಸ್ತಕದಲ್ಲಿ ಬರೆದು. ಒಡೆದ ಹಣ್ಣಿಗೆ ಮುರ್ಕೊಳ್ಳಬಾರದು. ನೆರಳು ಬೇಕು, ಎಲ್ಲರಿಗೂ ಒಂದೇ ಕೊಡದ ನೀರು ಬೇಕು. ಇದರಲ್ಲಿ ಭಿಕ್ಷೆ ಯಾವುದೂ ಇಲ್ಲ.

ಕುಯ್ಲಿಗೆ ಬಂದ ಹಣ್ಣು ಬಹಳ ದಿನ ಬಳ್ಳಿಯಲ್ಲಿ ಕಾಯೋದಿಲ್ಲ. ನಮ್ಮ ಬಲ ಇರೋದು ಅಲ್ಲೇ. ಒಂದು ಸೀಮೆಯ ಕೇರಿಗಳೆಲ್ಲ ಮಾತಾಡಿಕೊಂಡು ಮೂರು ದಿನ ಮಂಕರಿ ಕೆಳಗಿಟ್ಟರೆ ಸಾವ್ಕಾರನೇ ಕೇರಿಗೆ ನಡೆದು ಬರುತ್ತಾನೆ. ‘ಬುದ್ದೀ’ ಅಂತ ಕೈ ಕಟ್ಟಿ ನಿಂತದ್ದು ನಮ್ಮ ಅಜ್ಜಂದಿರ ಕಾಲಕ್ಕೇ ಸಾಕು. ಈ ಬೇಸಿಗೆ ಕೂತು ಮಾತಾಡೋಣ.